ಮಣ್ಣಿನ ಸವತಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾಚಿಕೆಪಟ್ಟುಕೊಂಡು ಹೇಳುತ್ತಿಲ್ಲ. ಕೆಲವರದು ಪಿತ್ತದ ಮೈ, ಕೆಲವರದು ಶೀತದ ಮೈ, ನನ್ನದು ಇದು. ಚಿಕ್ಕಂದಿನಲ್ಲಿ ತಂಗಿಯ ಉದ್ದ ಜಡೆ ಕಂಡರೆ ಉರಿಯುತ್ತಿತ್ತು. ಮದುವೆಯಾದ ಮೇಲೆ ಆ ಉರಿ ಗಂಡನ ಕೈಗಳ ಕಡೆ ತಿರುಗಿತು. ಅವರ ಕೈ ಯಾವಾಗ ನೋಡಿದರೂ ಇನ್ನೊಬ್ಬರ ಮೈಯ ಮೇಲೆ ಇರುತ್ತಿತ್ತು. ಗಾಬರಿಯಾಗಬೇಡಿ, ಮಣ್ಣಿನ ಮೈ.

ನನ್ನ ಗಂಡ ಕಾಸರಗೋಡಿನ ಆಚೆ, ಉಪ್ಪಳದ ಹತ್ತಿರದ ಒಂದು ಶಾಲೆಯಲ್ಲಿ ಚಿತ್ರದ ಮಾಸ್ಟರು. ನಾನು ಇನ್ನೊಂದು ಶಾಲೆಯಲ್ಲಿ ಕನ್ನಡ ಟೀಚರು. ಬಾಯಾರಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಎಡಕ್ಕೂ ಬಲಕ್ಕೂ ಗಲ್ಫಿನ ದುಡ್ಡಿನ ಎರಡಂತಸ್ತಿನ ಮನೆಗಳು, ನಡುವೆ ನಮ್ಮ ಹೆಂಚಿನ ಮನೆ, ಅದರ ಹಿಂದೆ ಶೀಟು ಹೊದಿಸಿದ ಶೆಡ್ಡು. ಮನೆಯಲ್ಲಿ ನಾನು, ಅವರು, ಅತ್ತೆ. ಶೆಡ್ಡಿನಲ್ಲಿ ಅವರು ಮಾಡಿದ ಶಿಲ್ಪಗಳು. ದೇವರ ವಿಗ್ರಹ ಮಾಡಿದ್ದರೆ ಊರವರಿಗೂ ಅರ್ಥವಾಗುತ್ತಿತ್ತು, ನನಗೂ ನಿಶ್ಚಿಂತೆ. ಅವರು ಮಾಡುತ್ತಿದ್ದದ್ದು ಮನುಷ್ಯರನ್ನು. ಅದೂ ನೆಟ್ಟಗಿನ ಮನುಷ್ಯರಲ್ಲ. ಒಬ್ಬ ಗೋಡೆಗೆ ಹಣೆ ಒತ್ತಿ ನಿಂತಿದ್ದರೆ, ಇನ್ನೊಬ್ಬ ತನ್ನ ಮೊಣಕಾಲನ್ನೇ ಅಪ್ಪಿಕೊಂಡು ಕುಳಿತಿದ್ದ. ಯಾರಿಗೂ ಮುಖವಿರಲಿಲ್ಲ. ಮುಖ ಇರಬೇಕಾದಲ್ಲಿ ಒಂದು ಮುದ್ದೆ.

ಎರಡು ಸಾವಿರದ ಹತ್ತರ ಆಚೀಚೆ ಇರಬೇಕು, ಅವರಿಗೆ ಅಸ್ತಿತ್ವವಾದದ ಹುಚ್ಚು ಹಿಡಿದಿತ್ತು. ತ್ರಿಶೂರಿನಲ್ಲಿದ್ದ ಹಳೆಯ ಸಹಪಾಠಿಯೊಬ್ಬರು ಪುಸ್ತಕಗಳನ್ನು ಕಳಿಸುತ್ತಿದ್ದರು. ಅದನ್ನು ಓದಿ, ಗಂಜಿ ಊಟಕ್ಕೆ ಕುಳಿತಾಗ ನಮಗೆ ಪಾಠ.

"ಮನುಷ್ಯ ಮೊದಲು ಸುಮ್ಮನೆ ಇರ್ತಾನೆ. ಎಂತ ಆಗಬೇಕು ಅಂತ ಆಮೇಲೆ ಅವನೇ ಆರಿಸಿಕೊಳ್ಳುವುದು. ಮೊದಲೇ ಹಣೆಯಲ್ಲಿ ಬರೆದಿಟ್ಟದ್ದು ಅಂತ ಎಂತದೂ ಇಲ್ಲ."

"ಮೊದಲು ಹುಟ್ಟುವುದು, ಆಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಇದಕ್ಕೆ ಪುಸ್ತಕ ಬೇಕಾ ಮಗಾ?" ಎಂದು ಅತ್ತೆ ಉಪ್ಪಿನಕಾಯಿ ಬಡಿಸಿದರು.

ಮುಖ ಯಾಕೆ ಮಾಡುವುದಿಲ್ಲ ಎಂದು ನಾನು ಕೇಳಿದ್ದಕ್ಕೆ ಅವರ ಉತ್ತರ ಬೇರೆ ಇತ್ತು. "ಮುಖಕ್ಕೆ ತನ್ನನ್ನು ಜನ ನೋಡ್ತಾರೆ ಅಂತ ಗೊತ್ತುಂಟು. ಅದು ವೇಷ ಹಾಕ್ತದೆ. ಬೆನ್ನಿಗೆ ಅದು ಗೊತ್ತಿಲ್ಲ. ಹಾಗಾಗಿ ಬೆನ್ನು ಸುಳ್ಳು ಹೇಳುವುದಿಲ್ಲ."

ಮಾತು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಅವರು ಹುಡುಕಿಕೊಂಡ ಬೆನ್ನು ನಮ್ಮ ಗೇಟಿನ ಎದುರಿನ ಮನೆಯ ಬೀಡಿ ಕಟ್ಟುವ ಅಜ್ಜಿಯದು.

ಆ ಅಜ್ಜಿಗೆ ಎಪ್ಪತ್ತು ದಾಟಿತ್ತು. ಹಲ್ಲು ಅಲ್ಲೊಂದು ಇಲ್ಲೊಂದು. ಹುಡುಗಿಯಾಗಿದ್ದಾಗಿನಿಂದ ತಡ್ಪೆಯನ್ನು, ಎಂದರೆ ಎಲೆ ಹೊಗೆಸೊಪ್ಪಿನ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು, ಎಲೆ ಸುರುಳಿ ಸುತ್ತಿ, ನೂಲು ಕಟ್ಟಿ ಕಟ್ಟಿ ಅವರ ಬೆನ್ನು ಕುತ್ತಿಗೆಯಿಂದಲೇ ಬಾಗಿಹೋಗಿತ್ತು. ಅವರು ದಿನಾ ಸಂಜೆ, ನಾವು ಶಾಲೆಯಿಂದ ಬಂದ ಮೇಲೆ, ತಡ್ಪೆ ಎತ್ತಿಕೊಂಡು ಶೆಡ್ಡಿಗೆ ಬರುವುದು, ತಮ್ಮ ಪಾಡಿಗೆ ಬೀಡಿ ಕಟ್ಟುವುದು, ಹಿಂದಿನಿಂದ ನನ್ನ ಗಂಡ ಆ ಬೆನ್ನನ್ನು ನೋಡಿ ನೋಡಿ ಮಣ್ಣು ಮೆತ್ತುವುದು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕಿಟಕಿಯಿಂದ ಇದನ್ನು ನೋಡುತ್ತಿದ್ದೆ. ಎಷ್ಟೋ ಸಲ ತುರಿಯಲ್ಲಿ ಚಿಪ್ಪಿನ ಕಪ್ಪೂ ಬೀಳುತ್ತಿತ್ತು.

ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ ಅಜ್ಜಿಗಾಗಿ ತಾವೇ ಚಹಾ ಮಾಡಿಕೊಂಡು ಹೋದರು. ಅಜ್ಜಿಯ ಹೆಗಲ ಮೂಳೆಯ ಬಗ್ಗೆ ಊಟದ ಹೊತ್ತಿಗೆ ಮಾತಾಡಿದರು. ನಾನು ಹೊಸ ಸೀರೆ ಉಟ್ಟು ಎದುರು ನಿಂತರೆ "ಇದು ಆ ಹಳೆಯದಲ್ಲವಾ?" ಎಂದು ಕೇಳುವ ಕಣ್ಣಿಗೆ, ಬೀಡಿ ಅಜ್ಜಿಯ ಬೆನ್ನಿನ ಒಂದೊಂದು ಗೆಣ್ಣೂ ಬಾಯಿಪಾಠ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮಲ್ಲಿ ಎದುರು ಮನೆಯ ಗಿಡ ಮದ್ದಾಗಿತ್ತು.

ಅಜ್ಜಿ ಜಾಣೆ, ನನ್ನ ಮುಖ ನೋಡಿಯೇ ಗೊತ್ತು ಮಾಡಿಕೊಂಡಿದ್ದರು. ಒಂದು ದಿನ ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕರು. "ನಿಮ್ಮ ಮಾಸ್ಟ್ರಿಗೆ ನನ್ನ ಬೆನ್ನಿನಲ್ಲಿ ಎಂತ ಚಿನ್ನ ಕಾಣ್ತದೋ ಟೀಚರೇ! ನನ್ನ ಗಂಡ ಸಾಯುವವರೆಗೆ ಒಂದು ದಿನ ನೋಡಿದ್ದಿಲ್ಲ ಮಾರಾಯ್ರೆ."

ನಾನೂ ನಕ್ಕೆ. ಒಳಗೆ ಬೆಂದುಹೋದೆ. ಅನುಮಾನವಲ್ಲ ಅದು, ಅಂಥ ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ನೋಟ. ಒಂದು ಬಾಗಿದ ಮುದಿ ಬೆನ್ನನ್ನು ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ನೋಡಬಲ್ಲ ಕಣ್ಣು ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ, ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ನಲವತ್ತರ ಹೆಂಗಸಿಗೆ ಇದಕ್ಕಿಂತ ಹೆಚ್ಚು ಉರಿಯಲು ಇನ್ನೇನು ಬೇಕು?

ಕಡೆಗೊಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ. "ನನ್ನನ್ನು ಮಾಡಿ."

ಅವರು ಅನ್ನದ ಪಾತ್ರೆ ಮಾತಾಡಿತೋ ಎಂಬಂತೆ ನೋಡಿದರು. "ನಿನ್ನನ್ನಾ?"

"ಯಾಕೆ, ನನಗೆ ಬೆನ್ನಿಲ್ಲವಾ?"

ಅವರಿಗೆ ನಗು ಬರಲಿಲ್ಲ. ಇಂಥ ವಿಷಯದಲ್ಲಿ ಅವರಿಗೆ ನಗು ಬರುವುದಿಲ್ಲ. "ತಿರುಗು ನೋಡುವ," ಎಂದರು. ನಾನು ತಿರುಗಿ ನಿಂತೆ. ಅವರು ಹಿಂದಿನಿಂದ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ನಡೆದು ನೋಡಿದರು. ಆಮೇಲೆ "ಆಗಬಹುದು" ಎಂದರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಅವರು ಇಷ್ಟು ಯೋಚಿಸಿ ಹೇಳಿದ್ದಿಲ್ಲ.

ಕ್ರಿಸ್ಮಸ್ ರಜೆಯಲ್ಲಿ ಕೆಲಸ ಶುರುವಾಯಿತು. ಸ್ನಾನಕ್ಕೆ ಹೋಗುವಾಗ ಕಟ್ಟಿಕೊಳ್ಳುವ ಹಾಗೆ ಲಂಗವನ್ನು ಎದೆಗೆ ಕಟ್ಟಿ, ಕೂದಲನ್ನು ಮೇಲಕ್ಕೆ ಸುತ್ತಿ, ಒಂದು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕು. ಶೆಡ್ಡಿನ ಬಾಗಿಲಿಗೆ ಅತ್ತೆಯ ಕಾವಲು. ಅವರು ಹೊರಗೆ ಮೆಟ್ಟಿಲ ಮೇಲೆ ಕುಳಿತು ತೊಂಡೆಕಾಯಿ ಹೆಚ್ಚುತ್ತ, ರಸ್ತೆಯಲ್ಲಿ ಯಾರಾದರೂ ಹೋದರೆ ಜೋರಾಗಿ ಕೆಮ್ಮುತ್ತಿದ್ದರು. ನನ್ನ ಎದುರಿಗೆ ಗಾರೆ ಮಾಡದ ಕೆಂಪುಕಲ್ಲಿನ ಗೋಡೆ, ಅದರ ಸಂದಿಯಲ್ಲಿ ಒಂದು ಹಲ್ಲಿ. ಹಿಂದೆ ಅವರು. ಒದ್ದೆ ಮಣ್ಣನ್ನು ಬಡಿಯುವ ಸದ್ದು, ಅಳತೆಕೋಲು ಬೆನ್ನಿಗೆ ತಾಗಿದಾಗ ಒಂದು ಚಳುಕು.

"ಉಸಿರು ಬಿಡು. ಬಿಟ್ಟಲ್ಲೇ ನಿಲ್ಲು." "ಎಡದ ಹೆಗಲು ಯಾಕೆ ಎತ್ತಿದ್ದೀ? ಅದನ್ನು ಅದರಷ್ಟಕ್ಕೆ ಬಿಡು."

ನಾನು ಸುಖವಾಗಿದ್ದೆ. ಮುಚ್ಚಿಡುವುದೇಕೆ? ಧನುರ್ಮಾಸದ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತ ಹಾಗೆ ಅವರ ನೋಟ ನನ್ನ ಮೈಗೆ ಹತ್ತುತ್ತಿತ್ತು. ಸೊಂಟ ಹಿಡಿದುಕೊಂಡರೂ ಏಳುತ್ತಿರಲಿಲ್ಲ. ಆ ರಜೆಯಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಾಗಲಿಲ್ಲ. ನೆರೆಮನೆಯವರು ಕುವೈತಿನಿಂದ ತಂದ ಫ್ರಿಜ್ಜನ್ನು ತೋರಿಸಲು ಕರೆದರೂ ಹೋಗಿ ಮನಸಾರೆ ಹೊಗಳಿ ಬಂದೆ.

ರಜೆ ಮುಗಿದ ಮೇಲೂ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಒಂದು ಬೆಳಿಗ್ಗೆ ಲಂಗ ಕಟ್ಟಿಕೊಂಡು ಶೆಡ್ಡಿಗೆ ಹೋದರೆ ಅವರು ತಲೆ ಎತ್ತದೆ ಹೇಳಿದರು: "ಇನ್ನು ನೀನು ಬೇಡ. ಇವಳೇ ಸಾಕು."

ಇವಳು! ತಿರುಗುವ ಮಣೆಯ ಮೇಲೆ ಅವಳು ಕುಳಿತಿದ್ದಳು. ನನ್ನದೇ ಕುತ್ತಿಗೆ, ನನ್ನದೇ ಸೊಂಟದ ಮಡಿಕೆ, ಎತ್ತಿಹೋದ ಎಡ ಹೆಗಲು. ನನ್ನ ಬೆನ್ನು ಹಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಚೆಂದವಿತ್ತು. ಮುಖದ ಜಾಗದಲ್ಲಿ ಮಾತ್ರ ಎಂದಿನಂತೆ ಮುದ್ದೆ. ನಾನು ಬಾಗಿಲಲ್ಲಿ ಲಂಗದ ಗಂಟು ಹಿಡಿದುಕೊಂಡು ನಿಂತೇ ಇದ್ದೆ. ಅವರು ಅವಳ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ ಇದ್ದರು. ಆವತ್ತು ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ಬೈಗುಳ ಸಿಕ್ಕಿತು.

ಮಣ್ಣಿನ ಶಿಲ್ಪ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಅಚ್ಚು ತೆಗೆಯುವವರೆಗೂ ಒದ್ದೆ ಬಟ್ಟೆ ಸುತ್ತಿಡಬೇಕು, ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸುತ್ತಿರಬೇಕು. ಅವರು ತಮ್ಮ ಹಳೆಯ ಬಿಳಿ ಮುಂಡುಪಂಚೆಯನ್ನು ನೆನೆಸಿ ಅವಳಿಗೆ ಸುತ್ತಿದ್ದರು. ಅತ್ತೆ ಯಾವುದೋ ಬುಟ್ಟಿ ಹುಡುಕಿಕೊಂಡು ಶೆಡ್ಡಿನೊಳಗೆ ಹೋದವರು ಕಿರುಚಿಕೊಂಡು ಹೊರಗೆ ಬಂದರು.

"ಅದು ಇವಳು ಅಲ್ಲವಾ? ಗಂಡ ಗಟ್ಟಿ ಇರುವಾಗ ಇವಳಿಗೆ ಒದ್ದೆ ಬಿಳಿ ಬಟ್ಟೆ ಸುತ್ತಿ ಕೂರಿಸಿದ್ದೀಯಲ್ಲ, ನಿನಗೆ ಬುದ್ಧಿ ಉಂಟಾ?"

"ಅದು ಮಣ್ಣು ಅಮ್ಮಾ."

"ಇವಳನ್ನು ನೋಡಿಯೇ ಮಾಡಿದ್ದಲ್ಲವಾ?"

ಅತ್ತೆ ನೇರ ನನ್ನ ಕಪಾಟಿಗೆ ಹೋಗಿ ಕೆಂಪು ಕೈಮಗ್ಗದ ಸೀರೆ ತೆಗೆದರು. ನನ್ನ ತಾಯಿ ಕೊಡಿಸಿದ್ದು, ನಾನು ಜೋಪಾನವಾಗಿ ಉಡುತ್ತಿದ್ದದ್ದು. "ಬೇರೆ ಯಾವುದಾದರೂ ತೆಗೀರಿ ಅತ್ತೆ," ಎಂದರೆ, "ನಿನ್ನ ಮೈಗೇ ಅಲ್ಲವಾ ಮಗಳೇ, ಬೇರೆ ಯಾರಿಗೆ?" ಎಂದರು. ನನ್ನ ಮೇಲೆ ನಾನೇ ಹೇಗೆ ತಕರಾರು ಮಾಡಲಿ? ಸೀರೆ ಬಕೆಟ್ಟಿಗೆ ಬಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಮಾರನೆಯ ದಿನ ನೋಡಿದರೆ ಆ ಮುದ್ದೆಯ ಮೇಲೆ, ಹಣೆ ಇರಬಹುದಾದ ಜಾಗದಲ್ಲಿ, ಕುಂಕುಮ. ಮುತ್ತೈದೆ ಬೋಳು ಹಣೆಯಲ್ಲಿ ಕೂರಬಾರದಂತೆ. ಗಂಡ ಕೆಲಸಕ್ಕೆ ಇಳಿಯುವ ಮೊದಲು ಹಲ್ಲು ಕಚ್ಚಿಕೊಂಡು ಕುಂಕುಮ ಕೆರೆಯುವರು, ಅವರು ಬೈಕು ಹತ್ತಿದ ಮೇಲೆ ಅತ್ತೆ ಹೋಗಿ ಮತ್ತೆ ಇಡುವರು. ಶುಕ್ರವಾರ ಮಲ್ಲಿಗೆಯೂ ಬಂತು. ಆಮೇಲಾಮೇಲೆ ಅತ್ತೆ ಮಣೆ ಎತ್ತಿಕೊಂಡು ಹೋಗಿ ಅವಳ ಹತ್ತಿರವೇ ತರಕಾರಿ ಹೆಚ್ಚತೊಡಗಿದರು. ಒಂದು ಶನಿವಾರ ನಾನು ಬಟ್ಟೆ ಒಣಹಾಕುತ್ತಿದ್ದಾಗ ಶೆಡ್ಡಿನೊಳಗಿಂದ ಅವರ ಮಾತು ಕೇಳಿಸಿತು.

"ಹುಳಿ ಜಾಸ್ತಿ ಆಯಿತು ಅಂತ ಹೇಳಿದೆ, ಅಷ್ಟೆ. ಅದಕ್ಕೆ ಸೌಟು ಕುಕ್ಕುವುದಾ? ನೀನಾದರೆ ಹಾಗೆ ಮಾಡ್ತಿದ್ದಿಯಾ ಮಗಳೇ?"

ಅತ್ತೆ ನನ್ನ ಮೇಲಿನ ದೂರನ್ನು ನನಗೇ ಹೇಳುತ್ತಿದ್ದರು, ಎದುರು ಮಾತಾಡದ ನನಗೆ. ನಾನು ಕೈಯಲ್ಲಿದ್ದ ಮೈ ಒರೆಸುವ ಒದ್ದೆ ಬೈರಾಸನ್ನು ಹಿಂಡಿದ್ದು ಹೇಗಿತ್ತೆಂದರೆ ಅದು ಹರಿಯದಿದ್ದದ್ದೇ ಹೆಚ್ಚು.

ಸವತಿಯೊಡನೆ ಬಾಳಿದವರ ಕತೆ ಕೇಳಿದ್ದೇನೆ. ಅವರಿಗೆ ಜಗಳಕ್ಕೆ ಒಂದು ಬಾಯಿಯಾದರೂ ಸಿಗುತ್ತದೆ. ಇವಳಿಗೆ ಬಾಯಿಯೇ ಇಲ್ಲ. ವಯಸ್ಸಾಗುವುದಿಲ್ಲ, ಹುಳಿ ಜಾಸ್ತಿ ಹಾಕುವುದಿಲ್ಲ, ತಲೆನೋವೆಂದು ಮಲಗುವುದಿಲ್ಲ. ನನ್ನ ಮೈಯನ್ನೇ ತೆಗೆದುಕೊಂಡು ನನಗಿಂತ ಒಳ್ಳೆಯವಳಾಗಿ ಕುಳಿತಿದ್ದಳು. ಬೀಡಿ ಅಜ್ಜಿಯ ಮೇಲಿನ ಉರಿ ಇದರ ಎದುರು ಏನೂ ಅಲ್ಲ. ಅಜ್ಜಿ ಬೇರೆಯವರು. ಇವಳು ನಾನು. ನನಗೆ ಬರಬೇಕಾದದ್ದೆಲ್ಲ ಅವಳ ಮೂಲಕ ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಫೆಬ್ರವರಿಯ ಒಣಗಾಳಿ ಎದ್ದ ದಿನಗಳಲ್ಲಿ ನನಗೆ ಜ್ವರ ಬಂತು. ಶಾಲೆಗೆ ರಜೆ ಹಾಕಿ ಒಳಕೋಣೆಯಲ್ಲಿ ಮಲಗಿದ್ದೆ. ಬೆಳಿಗ್ಗೆ ನಾನು ಏಳುವ ಮೊದಲೇ ಗಂಡ ಸ್ಪೆಷಲ್ ಕ್ಲಾಸೆಂದು ಹೊರಟುಹೋಗಿದ್ದರು. ಮಧ್ಯಾಹ್ನ ಗೇಟಿನಲ್ಲಿ ಬೈಕಿನ ಸದ್ದಾಯಿತು. ಊಟದ ಬಿಡುವಿನಲ್ಲಿ ಅವರು ಮನೆಗೆ ಬಂದದ್ದನ್ನು ನಾನು ಮದುವೆಯಾದ ಮೇಲೆ ಕಂಡದ್ದಿಲ್ಲ. ಅತ್ತೆ ಫೋನು ಮಾಡಿ ಹೇಳಿರಬೇಕು, ನನ್ನನ್ನು ನೋಡಲು ಬಂದರು ಎಂದುಕೊಂಡೆ. ಆ ಜ್ವರದಲ್ಲೂ ಎದ್ದು ಕುಳಿತು ಕೂದಲು ಸರಿ ಮಾಡಿಕೊಂಡೆ. ಚಾದರ ನೆಟ್ಟಗೆ ಎಳೆದುಕೊಂಡೆ.

ಹೆಜ್ಜೆಗಳು ಮನೆಯ ಬದಿಯಿಂದ ಹಿಂದಕ್ಕೆ ಹೋದವು. ಬಕೆಟ್ಟಿಗೆ ಚೊಂಬು ತಾಗಿದ ಸದ್ದು ಕೇಳಿತು. ಮತ್ತೆ ನೀರು ಚಿಮುಕಿಸುವ ಸದ್ದು, ನಿಧಾನವಾಗಿ, ಅವಸರವಿಲ್ಲದೆ. ಆಮೇಲೆ ಕುಡಿಯುವ ನೀರಿಗೆಂದು ಒಳಗೆ ಬಂದವರು ಕೋಣೆಯ ಬಾಗಿಲಲ್ಲಿ ನನ್ನನ್ನು ಕಂಡು ನಿಂತರು.

"ಎಂತ, ಇವತ್ತು ಶಾಲೆಗೆ ಹೋಗಲಿಲ್ಲವಾ?"

"ಜ್ವರ," ಎಂದೆ.

"ಅಯ್ಯೋ, ಮಲಗು ಮಲಗು," ಎಂದರು. ಪಾಪ, ಹತ್ತಿರ ಬಂದು ಹಣೆ ಮುಟ್ಟಿ ನೋಡಿದರು. ಅವರ ಕೈ ತಣ್ಣಗಿತ್ತು, ಮಣ್ಣಿನ ವಾಸನೆ ಬರುತ್ತಿತ್ತು. ಹಿತವಾಗಿತ್ತು ಎಂದೇ ನನಗೆ ಅಳು ಬಂತು. ಅವರು ಅದನ್ನು ಜ್ವರದ ಲೆಕ್ಕಕ್ಕೆ ಹಾಕಿ ಮಾತ್ರೆ ಕೊಟ್ಟು ಹೋದರು. ಅವರು ದಿನಾ ಹೀಗೆ ಮಧ್ಯಾಹ್ನ ಬಂದು ಹೋಗುತ್ತಾರೆಂದು ಅತ್ತೆ ಗಂಜಿ ತಂದಾಗ ಹೇಳಿದರು. ಮಗನಿಗೆ ಮನೆಯ ಮೇಲೆ ಮನಸ್ಸು ಬಂದಿದೆ ಎಂದು ಅವರಿಗೆ ಸಂತೋಷ.

ಅಚ್ಚು ತೆಗೆದ ದಿನ ಮಾತ್ರ ನನ್ನದು. ಮಣ್ಣಿನ ಮೇಲೆ ಪ್ಲಾಸ್ಟರು ಹೊಯ್ದು, ಅದು ಗಟ್ಟಿಯಾದ ಮೇಲೆ ಎರಡು ಹೋಳಾಗಿ ಬಿಡಿಸುತ್ತಾರೆ. ಒಳಗಿನ ಮಣ್ಣನ್ನು ಅಗೆದು ತೆಗೆದುಬಿಡುತ್ತಾರೆ. ಬರಿದಾದ ಅಚ್ಚಿನೊಳಗೆ ಆಮೇಲೆ ಫೈಬರು ತುಂಬುವುದು. ಅಗೆಯಲು ನಾನೂ ಬರುತ್ತೇನೆಂದೆ. ಅವರಿಗೆ ಖುಷಿಯಾಯಿತು, ನನಗೆ ಕಲೆಯಲ್ಲಿ ಆಸಕ್ತಿ ಬಂತು ಎಂದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಸೌಟು ಹಿಡಿದು, ನನ್ನ ಹೆಗಲು, ನನ್ನ ಬೆನ್ನುಮೂಳೆ, ನನ್ನ ಸೊಂಟದ ಮಡಿಕೆ ಎಲ್ಲವನ್ನೂ ಗೋರಿ ಗೋರಿ ಬಕೆಟ್ಟಿಗೆ ಹಾಕಿದೆ. ಅತ್ತೆ ನೋಡಲಾರದೆ ಮನೆಯೊಳಗೆ ಹೋದರು. ಹಾಗೆ ಹೇಳಿದರೆ ಕೆಟ್ಟವಳೆನಿಸಬಹುದು, ಆದರೆ ಆ ದಿನ ನನಗೆ ಒಳ್ಳೆಯ ಹಸಿವಾಗಿ ಎರಡು ಸಲ ಬಡಿಸಿಕೊಂಡು ಉಂಡೆ.

ಆದರೆ ಫೈಬರಿನವಳು ಹುಟ್ಟಿ ಬಂದಳು. ಮಳೆಗಾಲ ಕಳೆದ ಮೇಲೆ ಎರ್ನಾಕುಳದಲ್ಲಿ ಒಂದು ಪ್ರದರ್ಶನ. ಗಂಡನ ಕೆಲಸಗಳಿಗೆ ಅಲ್ಲಿ ಒಂದು ಇಡೀ ಕೋಣೆ ಕೊಟ್ಟಿದ್ದರು. ನಾವಿಬ್ಬರೂ ಹೋದೆವು. ಬೀಡಿ ಅಜ್ಜಿಯ ಬೆನ್ನು ಒಂದು ಮೂಲೆಯಲ್ಲಿತ್ತು. ನಡುವೆ, ದೀಪದ ಕೆಳಗೆ, ಅವಳು. ಕೆಳಗೆ ಸಣ್ಣ ಕಾರ್ಡಿನಲ್ಲಿ ಹೆಸರು: ಇರುವವಳು.

ಕಾಲೇಜಿನ ಹುಡುಗಿಯೊಬ್ಬಳು ಅವಳ ಸುತ್ತ ಎರಡು ಮೂರು ಸುತ್ತು ಬಂದಳು. ಆಮೇಲೆ ನನ್ನ ಗಂಡನ ಹತ್ತಿರ ಮಲಯಾಳದಲ್ಲಿ ಕೇಳಿದಳು, ಇದಕ್ಕೆ ಕುಳಿತವರು ಯಾರು ಎಂದು. ನಾನು ಒಂದು ಮಾರು ದೂರದಲ್ಲಿ ನೀರಿನ ಬಾಟಲಿಯ ಚೀಲ ಹಿಡಿದುಕೊಂಡು ನಿಂತಿದ್ದೆ. ಸೆರಗು ಸರಿ ಮಾಡಿಕೊಂಡೆ. ಮುಖಕ್ಕೆ ಒಂದು ನಗು ತಂದುಕೊಂಡೆ.

"ಯಾರೂ ಅಲ್ಲ," ಎಂದರು ನನ್ನ ಗಂಡ. "ಯಾರು ಬೇಕಾದರೂ ಆಗಬಹುದು."

ಹುಡುಗಿ ತಲೆದೂಗಿದಳು. ನನ್ನ ಗಂಡನಿಗೆ ಅದು ಬಹಳ ದೊಡ್ಡ ಮಾತು, ಆ ಪುಸ್ತಕಗಳನ್ನು ಓದಿದವರು ಒಂದು ಮೈಗೆ ಕೊಡಬಹುದಾದ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ನನಗದು ಗೊತ್ತು. ಗೊತ್ತಿದ್ದರೂ ನನ್ನ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲದೊಳಗೆ ಏನೋ ಹುಡುಕತೊಡಗಿದೆ.

ತಲೆ ಎತ್ತಿದಾಗ ಹುಡುಗಿ ಹೋಗಿದ್ದಳು. ಅವರು ಫೈಬರಿನವಳ ಹಿಂದೆ ನಿಂತು ಅವಳನ್ನೇ ನೋಡುತ್ತಿದ್ದರು. ಬದಿಯಿಂದ ನನಗೆ ಅವರ ಮುಖ ಪೂರ್ತಿ ಕಾಣುತ್ತಿತ್ತು. ಹುಬ್ಬು ಸಡಿಲವಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಮಗು ನಿದ್ದೆ ಮಾಡುವುದನ್ನು ನೋಡುವವರ ಮುಖ ಹೇಗಿರುತ್ತದೋ ಹಾಗೆ. ಅಂಥ ಮುಖ ಅವರಿಗಿದೆ ಎಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅವರು ಹಾಗೆ ನೋಡುತ್ತಿದ್ದಷ್ಟು ದಿನ ನಾನು ಗೋಡೆಯನ್ನೂ ಹಲ್ಲಿಯನ್ನೂ ನೋಡುತ್ತ ಕುಳಿತಿದ್ದೆ.

ಮಾರನೆಯ ದಿನ ಹಗಲಿನ ರೈಲಿನಲ್ಲಿ ಹೊರಟೆವು. ಶೊರ್ನೂರು ದಾಟಿದ ಮೇಲೆ ಹೇಳಿದೆ: "ಇನ್ನೊಂದು ಮಾಡಿ. ಈ ಸಲ ನಾನು ನಿಮ್ಮ ಕಡೆ ಮುಖ ಮಾಡಿ ಕೂರ್ತೇನೆ."

ಅವರು ಸುಮ್ಮನೆ ತಳ್ಳಿಹಾಕಲಿಲ್ಲ. ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದರು: "ನಿನ್ನ ಮುಖ ನನಗೆ ಗೊತ್ತುಂಟಲ್ಲ. ಇನ್ನು ಅದರಲ್ಲಿ ನೋಡಲಿಕ್ಕೆ ಎಂತ ಉಂಟು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೀಟಿನಲ್ಲಿ ಪೂರ್ತಿ ತಿರುಗಿ, ಅವರಿಗೆ ಬೆನ್ನು ಹಾಕಿ, ಕಿಟಕಿಯ ಸರಳು ಹಿಡಿದು ಕುಳಿತೆ. ತೆಂಗಿನ ತೋಟಗಳು ಹೋದವು, ಹೊಳೆಗಳು ಹೋದವು. ಅವರು ಪೇಪರು ಮಡಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಕುತ್ತಿಗೆಯ ಕೆಳಗೆ, ಎತ್ತಿದ ಎಡ ಹೆಗಲಿನ ಹತ್ತಿರ, ಮೆಲ್ಲಗೆ ಬಿಸಿಲು ಬಿದ್ದ ಹಾಗಾಯಿತು. ನಮ್ಮದು ನೆರಳಿನ ಬದಿಯ ಸೀಟು.

ತಿರುಗಿದರೆ ಪ್ರದರ್ಶನದಲ್ಲಿ ಬದಿಯಿಂದ ಕಂಡ ಆ ಮುಖವನ್ನು ಒಮ್ಮೆಯಾದರೂ ಎದುರಿನಿಂದ ನೋಡಬಹುದಿತ್ತು. ತಿರುಗಿದರೆ ಅದು ಉಳಿಯುವುದಿಲ್ಲ ಎಂದೂ ಗೊತ್ತಿತ್ತು, ನನ್ನ ಮುಖ ಕಂಡ ಕೂಡಲೇ ಅವರು ಚಹಾ ಬಂತಾ ಎಂದು ಕೇಳುವವರೇ. ಕಣ್ಣೂರು ಬಂತು, ಪಯ್ಯನ್ನೂರು ಬಂತು. ಕುತ್ತಿಗೆ ನೋಯತೊಡಗಿತು. ಕಾಸರಗೋಡು ಬರುವವರೆಗೂ ನಾನು ತಿರುಗಲಿಲ್ಲ.